ಚಾರ್ಜಿಗೆ ಹಚ್ಚಿದ ನಾಲ್ಕು ದಿನ

ಮೊದಲ ದಿನ: ಕಲಬುರಗಿ – ಹುಮನಾಬಾದ್ – ಬೀದರ್

ಕೀಲಿ ಕೈಗಿಡುವಾಗ ತಮ್ಮ ಒಂದೇ ಮಾತು ಹೇಳಿದ. "ಅಕ್ಕಾ, ಪರದೆ ಮ್ಯಾಲ ಇನ್ನಾ ಇಷ್ಟು ಕಿಲೋಮೀಟರ್ ಹೋಗ್ತದ ಅಂತ ತೋರಸ್ತದಲ್ಲ, ಅದನ್ನ ನಂಬಬ್ಯಾಡ. ಪರ್ಸೆಂಟ್ ನೋಡ್ಕೋತ ಹೋಗು."

ಅವನದು 24 ಯೂನಿಟ್ ಬ್ಯಾಟರಿಯ ಚಿಕ್ಕ ಎಲೆಕ್ಟ್ರಿಕ್ ಕಾರು. ಕಂಪನಿಯ ಕಾಗದದಲ್ಲಿ ಒಂದು ಚಾರ್ಜಿಗೆ 300 ಕಿಲೋಮೀಟರ್ ಮೇಲೆ ಅಂತಿದೆ. ತಮ್ಮನ ಬಾಯಲ್ಲಿ ಅದು 200. ಅವನ ಹೆಂಡತಿಯನ್ನು ಕೇಳಿದರೆ 180. ನಾನು ಅವಳ ಲೆಕ್ಕವನ್ನೇ ಹಿಡಿದೆ.

ನಾಲ್ಕು ದಿನಕ್ಕೆ ಗಾಡಿ ಕೇಳಿ ಪಡೆದದ್ದಕ್ಕೆ ಎರಡು ಕಾರಣ. ಒಂದು, ಎಳ್ಳಮವಾಸ್ಯೆ, ಹೊಲದ ಪೂಜೆಯ ಹಬ್ಬ. ಬೀದರಿನಲ್ಲಿರುವ ದೊಡ್ಡವ್ವ ಮೂರು ವರ್ಷದಿಂದ ಶಹಾಪುರ ಕಡೆಯ ತವರಿಗೆ ಹೋಗಿಲ್ಲ. ಈ ಸಲ ಚರಗ, ಅಂದರೆ ಹೊಲಕ್ಕೆ ಎಡೆ, ಚೆಲ್ಲುವಾಗ ತಂಗಿಯ ಜೊತೆ ಹೊಲದಲ್ಲಿರಬೇಕು ಎಂದು ಹಟ ಹಿಡಿದಿದ್ದಳು. ಇನ್ನೊಂದು ನನ್ನ ಸ್ವಂತದ್ದು. ಕಲಬುರಗಿಯಿಂದ 30 ಕಿಲೋಮೀಟರ್ ದೂರದ ಸರ್ಕಾರಿ ಪ್ರೌಢಶಾಲೆಯಲ್ಲಿ ಕಲಿಸುತ್ತೇನೆ. ಹೋಗಿ ಬರುವುದು ದಿನಕ್ಕೆ 60. ಕಾರು ತಗೊಳ್ಳಬೇಕೋ ಬೇಡವೋ, ತಗೊಂಡರೆ ಕರೆಂಟಿನದ್ದೋ ಪೆಟ್ರೋಲಿನದ್ದೋ ಎಂದು ಎರಡು ವರ್ಷದಿಂದ ತಲೆಯಲ್ಲಿ ಗಿರಣಿ ತಿರುಗುತ್ತಿದೆ. ಶೋರೂಮಿನವರು ಕೊಡಿಸುವ ಹತ್ತು ನಿಮಿಷದ ಟೆಸ್ಟ್ ಡ್ರೈವಿನಿಂದ ಅದು ನಿಲ್ಲುವಂಥದ್ದಲ್ಲ. ಎರಡು ಸಿ.ಎಲ್. ರಜೆ ಬರೆದುಕೊಟ್ಟು ಹೊರಟೆ.

100 ಪರ್ಸೆಂಟ್ ಚಾರ್ಜು. ಹಿಂದಿನ ಸೀಟಿನಲ್ಲಿ ಅವ್ವ, ಅವಳ ಪಕ್ಕ ಶೇಂಗಾ ಹೋಳಿಗೆಯ ಡಬ್ಬಿ. ಹುಮನಾಬಾದ್ ರಿಂಗ್ ರಸ್ತೆ ದಾಟಿ ಹೆದ್ದಾರಿ ಹಿಡಿದಾಗ ಹನ್ನೊಂದು ಗಂಟೆ. ಎರಡೂ ಕಡೆ ಒಣಗಿ ನಿಂತ ತೊಗರಿ, ಕೆಲವು ಹೊಲದಲ್ಲಿ ಆಗಲೇ ಕೊಯ್ದು ಒಟ್ಟಿದ್ದಾರೆ. ಕಮಲಾಪುರದ ತನಕ ಎಲ್ಲ ಸರಾಗ. ನಾನು ಹುರುಪಿನಲ್ಲಿ 95ರ ವೇಗಕ್ಕೆ ಹೋದೆ, ಪರ್ಸೆಂಟ್ ಪಟಪಟ ಇಳಿಯತೊಡಗಿತು. 75ಕ್ಕೆ ಬಂದೆ, ಇಳಿತವೂ ನಿಧಾನವಾಯಿತು. ಪೆಟ್ರೋಲ್ ಗಾಡಿಯಲ್ಲೂ ಹೀಗೇ ಆಗುತ್ತದೆ, ಆದರೆ ಅಲ್ಲಿ ಮುಳ್ಳು ನಿಧಾನಕ್ಕೆ ಸರಿಯುವುದರಿಂದ ಗೊತ್ತಾಗುವುದಿಲ್ಲ. ಇಲ್ಲಿ ಬಲಗಾಲಿನ ತಪ್ಪು ಕಣ್ಣೆದುರು ಅಂಕಿಯಾಗಿ ಕೂರುತ್ತದೆ.

ಹುಮನಾಬಾದಿನಲ್ಲಿ ಚಾ ಕುಡಿಯಲು ನಿಲ್ಲಿಸಿದಾಗ ಹಸಿರು ನಂಬರ್ ಪ್ಲೇಟ್ ನೋಡಿ ಒಬ್ಬರು ಬಂದರು. ಅಲ್ಲಿಂದ ಊರು ತಿರುಗಿ ಬರುವವರೆಗೆ ಎಷ್ಟು ಜನ ಇದೇ ಪ್ರಶ್ನೆ ಕೇಳಿದರೋ ಲೆಕ್ಕವಿಲ್ಲ: "ಎಷ್ಟ್ ಓಡ್ತದ್ರೀ?" ಎರಡನೆಯದು: "ಬ್ಯಾಟರಿ ಹೋದ್ರ ಎಷ್ಟ್ ಬೀಳ್ತದ್ರೀ?" ಇವರು ಮೂರನೆಯದನ್ನೂ ಕೇಳಿದರು. "ಮೇಡಂ, ನೀವ ಹೊಡೀತೀರಿ? ಸಾಹೇಬ್ರು ಬಂದಿಲ್ಲೇನು?" ಉತ್ತರ ಕೊಟ್ಟವಳು ಅವ್ವ. "ಸಾಹೇಬ್ರಿಗಿ ಗೇರ್ ಹಾಕಾದ ಚಟ ಅದ್ರಿ. ಇದ್ರಾಗ ಗೇರೇ ಇಲ್ಲ."

ಕಲಬುರಗಿಯಿಂದ ಬೀದರಿಗೆ ನೆಲ ಏರುತ್ತ ಹೋಗುತ್ತದೆ. ಕಪ್ಪು ಮಣ್ಣು ಮುಗಿದು ಕೆಂಪು ಬರುತ್ತದೆ. ಬೀದರ್ ಇರುವುದೇ ಕೆಂಪು ಜಂಬಿಟ್ಟಿಗೆಯ ದಿಣ್ಣೆಯ ಮೇಲೆ, ಕಲಬುರಗಿಗಿಂತ ಸುಮಾರು ಇನ್ನೂರು ಮೀಟರ್ ಎತ್ತರ. ಏರಿಗೆಂದೇ ಖರ್ಚಾಗುವುದು ಒಂದು ಯೂನಿಟ್ಟಿನ ಆಸುಪಾಸು ಅಷ್ಟೆ. ವೇಗ ಮತ್ತು ಎಸಿ ತಿನ್ನುವುದು ಅದಕ್ಕಿಂತ ಹೆಚ್ಚು. ದೊಡ್ಡವ್ವನ ಮನೆ ಮುಂದೆ ನಿಂತಾಗ ಉಳಿದದ್ದು 35.

ಅಲ್ಲಿ ಶುರುವಾಯಿತು ತ್ರಾಸು. ದೊಡ್ಡವ್ವನ ಮಗನದು ಹಳೇ ಊರಿನ ಬಾಡಿಗೆ ಮನೆ, ಮೊದಲನೇ ಮಹಡಿ. ಗಾಡಿ ನಿಲ್ಲುವುದು ಗಲ್ಲಿಯ ತುದಿಯಲ್ಲಿ, ಪಕ್ಕದಲ್ಲಿ ಇನ್ನೊಬ್ಬರ ಆಟೋ. "ಮ್ಯಾಲಿಂದ ವೈರ್ ಬಿಡ್ತೀನಿ ಬಿಡವ್ವಾ" ಎಂದ ಅವನು ಮಿಕ್ಸರಿಗೆ ಹಚ್ಚುವ ಎಕ್ಸ್‌ಟೆನ್ಷನ್ ಬೋರ್ಡ್ ಹಿಡಿದು ಬಂದ. ಮೂರು ಕಿಲೋವ್ಯಾಟ್ ಹತ್ತಿರ ಎಳೆಯುವ ಗಾಡಿಗೆ ಆ ತೆಳ್ಳನೆಯ ವೈರು! ಎಂಟು ತಾಸು ಅದು ಕಾದರೆ ಗಾಡಿಗಿಂತ ಮೊದಲು ಮನೆ ಹೊತ್ತಿಕೊಳ್ಳುತ್ತದೆ. ಬೇಡ ಎಂದೆ. ಗಾಡಿ ಕೊಳ್ಳುವಷ್ಟು ಸಂಬಳ ಅವನಿಗೂ ಇದೆ, ಆದರೆ ಗೋಡೆ ಮಾಲೀಕರದು. ಸ್ವಂತ ಅಂಗಳ ಇಲ್ಲದವನಿಗೆ ಈ ಗಾಡಿ ಅರ್ಧ ಗಾಡಿ.

ಸಂಜೆ ಸಾರ್ವಜನಿಕ ಚಾರ್ಜರ್ ಹುಡುಕಿ ಹೊರಟೆವು. ಆ್ಯಪ್ ತೋರಿಸಿದ ಮೊದಲ ಜಾಗದಲ್ಲಿ ಚಾರ್ಜರ್ ಇತ್ತು, ಪರದೆ ಮಾತ್ರ ಕತ್ತಲು. ಕಾವಲಿನ ಹುಡುಗ "ಎಂಟ್ ದಿನ ಆತ್ರಿ, ಯಾರೂ ಬಂದಿಲ್ಲ" ಎಂದ. ಎರಡನೆಯದು ನಡೆಯುತ್ತಿತ್ತು, ಆದರೆ ಹೈದರಾಬಾದಿನಿಂದ ಬಂದ ಬಾಡಿಗೆ ಕಾರೊಂದು ಹಚ್ಚಿಕೊಂಡು ನಿಂತಿತ್ತು. ಅದರ ಚಾಲಕ ನನಗೆ ಉಪಕಾರ ಮಾಡಿದ. ಹೊಸ ಆ್ಯಪಿಗೆ ಮೊದಲು ದುಡ್ಡು ತುಂಬಬೇಕು, ಒಂದೊಂದು ಕಂಪನಿಗೆ ಒಂದೊಂದು ಆ್ಯಪು, ಅವನ ಮೊಬೈಲಿನಲ್ಲೇ ಆರು ಇದ್ದವು. ಸೀಟಿಗೆ ಒರಗಿಕೊಂಡೇ ತೋರಿಸಿಕೊಟ್ಟ. ನಮ್ಮ ಸರದಿ ಬಂದ ಮೇಲೆ 85ಕ್ಕೆ ಏರಲು ಮುಕ್ಕಾಲು ತಾಸು, ಜಿಎಸ್‌ಟಿ ಸೇರಿ 260 ರೂಪಾಯಿ. ಯೂನಿಟ್ಟಿಗೆ ಇಪ್ಪತ್ತರ ಮೇಲಾಯಿತು. ಮನೆಯ ಕರೆಂಟಿಗಿಂತ ಮೂರು ಪಟ್ಟು.

ಎರಡನೆಯ ದಿನ: ಬೀದರ್ – ಕಲಬುರಗಿ

ಬೆಳಗಿನ ಚಳಿ ಎಲುಬಿಗೆ ಇಳಿಯುತ್ತಿತ್ತು. ಗಾಜಿನ ಮೇಲೆ ಮಂಜು. ದೊಡ್ಡವ್ವ ಎರಡು ಶಾಲು ಹೊದ್ದು, ತವರಿಗೆಂದು ಕಟ್ಟಿದ ಗಂಟು ಮಡಿಲಲ್ಲಿಟ್ಟು ಕೂತಳು. ಬಾಗಿಲು ಅಗಲ ತೆರೆದರೂ ಮೊಣಕಾಲು ಎತ್ತಿಡಲು ಎರಡು ನಿಮಿಷ. 2023ರಲ್ಲಿ ಎಂಜಿ ಕಾಮೆಟ್ ಎಂಬ ಪುಟ್ಟ ಎಲೆಕ್ಟ್ರಿಕ್ ಕಾರು 7.98 ಲಕ್ಷಕ್ಕೆ ಬಂದಾಗ ನನಗೂ ಆಸೆಯಾಗಿತ್ತು. ಅದಕ್ಕೆ ಎರಡೇ ಬಾಗಿಲು; ಮುಂದಿನ ಸೀಟು ಬಗ್ಗಿಸಿ ಹಿಂದೆ ತೂರಬೇಕು. ಈ ಇಬ್ಬರನ್ನು ಅದರಲ್ಲಿ ಹತ್ತಿಸುವ ದೃಶ್ಯ ನೆನೆಸಿಕೊಂಡು ಆಸೆಯನ್ನು ಬೀದರಿನಲ್ಲೇ ಬಿಟ್ಟೆ.

ಹೊರಡುವ ಮುಂಚೆ ನೌಬಾದಿನ ಸುರಂಗ ಬಾವಿಯ ಹತ್ತಿರ ಐದು ನಿಮಿಷ ನಿಂತೆವು. ಬಹಮನಿಗಳು 15ನೇ ಶತಮಾನದಲ್ಲಿ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದಾಗ ಈ ದಿಣ್ಣೆಯ ಮೇಲೆ ಹೊಳೆ ಇರಲಿಲ್ಲ. ಕಲ್ಲು ಕೊರೆದು, ನೆಲದಡಿ ಇಳಿಜಾರಿನಲ್ಲಿ ನೀರು ಹರಿಸಿದರು. ಅಲ್ಲಲ್ಲಿ ಮೇಲಿನಿಂದ ಕಿಂಡಿ ಬಾವಿ ಬಿಟ್ಟರು, ಮಂದಿ ಇಳಿದು ಹೂಳು ತೆಗೆಯಲಿ ಎಂದು. ನಿನ್ನೆಯ ಕತ್ತಲ ಪರದೆ ನೆನಪಾಗಿ ನಗು ಬಂತು. ನಮ್ಮವರು ಚಾರ್ಜರ್ ನೆಟ್ಟರು, ಹೂಳು ತೆಗೆಯುವವರನ್ನು ನೇಮಿಸಲಿಲ್ಲ.

ಇಳಿಜಾರಿನ ದಾರಿಯಲ್ಲಿ ಕಾಲು ತೆಗೆದರೆ ಸಾಕು, ಮೋಟರೇ ಜನರೇಟರಿನ ಹಾಗೆ ನಡೆದು ಬ್ಯಾಟರಿಗೆ ಕರೆಂಟು ತುಂಬುತ್ತದೆ. ಎಸಿ ಹಾಕಲಿಲ್ಲ. ಕಮಲಾಪುರದಲ್ಲಿ ಕೆಂಬಾಳೆ ಕೊಂಡು, ತಿಂದು, ಮನೆ ಮುಟ್ಟಿದಾಗ 33. ಹೋಗುವಾಗ 65 ತಿಂದ ದಾರಿ ಬರುವಾಗ 52ರಲ್ಲಿ ಮುಗಿದಿತ್ತು.

ಗಾಡಿಯನ್ನು ತಮ್ಮನ ಮನೆಯಲ್ಲಿ ಹಚ್ಚಿ, ರಾತ್ರಿ ಊಟವಾದ ಮೇಲೆ ಅವನೂ ನಾನೂ ಜೆಸ್ಕಾಂ ಕರೆಂಟ್ ಬಿಲ್ಲಿನ ಬೆನ್ನಿನ ಮೇಲೆ ಲೆಕ್ಕ ಹಾಕಲು ಕೂತೆವು. ಇದೇ ಈ ಪ್ರವಾಸದ ನಿಜವಾದ ಏರು ದಾರಿ.

ಶಾಲೆಯ ಓಡಾಟ ತಿಂಗಳಿಗೆ 1,440 ಕಿಲೋಮೀಟರ್. ಪೆಟ್ರೋಲ್ ಕಾರು ಲೀಟರಿಗೆ 18 ಕೊಟ್ಟರೆ 80 ಲೀಟರ್. ಲೀಟರಿಗೆ 103 ಹಿಡಿದರೆ 8,240 ರೂಪಾಯಿ. ಕರೆಂಟಿನ ಗಾಡಿ, ಚಾರ್ಜಾಗುವಾಗ ಸೋರುವುದನ್ನೂ ಕಳೆದು ಯೂನಿಟ್ಟಿಗೆ 7 ಕಿಲೋಮೀಟರ್ ಎಂದರೆ 205 ಯೂನಿಟ್. ತೆರಿಗೆ ಸೇರಿ ಯೂನಿಟ್ಟಿಗೆ ಆರೂವರೆ. 1,330 ರೂಪಾಯಿ. "ನೋಡು, ಏಳು ಸಾವಿರ ಉಳೀತು" ಎಂದು ತಮ್ಮ ಪೆನ್ನು ಕೆಳಗಿಟ್ಟ.

ನಾನು ಇಡಲಿಲ್ಲ. ನಮ್ಮ ಮನೆಯ ಸರಾಸರಿ 110 ಯೂನಿಟ್. 2023ರ ಆಗಸ್ಟಿನಿಂದ ಗೃಹಜ್ಯೋತಿಯಲ್ಲಿ ನಮಗೆ ಬರುವುದು ಸೊನ್ನೆ ಬಿಲ್ಲು. ಸರಾಸರಿಯ ಮೇಲೆ ಹತ್ತು ಪರ್ಸೆಂಟ್ ಜಾಸ್ತಿ ಬಳಸಿದರೂ ಪುಕ್ಕಟೆ. ಅದಕ್ಕಿಂತ ಮೇಲೆ ಹೋದರೆ ಹೆಚ್ಚಿನದಕ್ಕೆ ಮಾತ್ರ ದುಡ್ಡು. 200 ದಾಟಿತೋ, ಪೂರ್ತಿ ಬಿಲ್ಲು. 110ಕ್ಕೆ 205 ಕೂಡಿಸಿದರೆ 315. ಅಂದರೆ ಗಾಡಿ ತಾನು ಕುಡಿಯುವ ಕರೆಂಟಿನ ಜೊತೆಗೆ ಮನೆಯ ಫ್ಯಾನು, ಫ್ರಿಜ್ಜು, ನೀರೆತ್ತುವ ಮೋಟರು ಎಲ್ಲದರ ಬಿಲ್ಲನ್ನೂ ಹೊತ್ತು ತರುತ್ತದೆ. ಇನ್ನೊಂದು 715, ಮೇಲೆ ನಿಗದಿ ಶುಲ್ಕ. ಏಳು ಸಾವಿರ ಇದ್ದದ್ದು ಆರಕ್ಕೆ ಬಂತು. ಶೋರೂಮಿನ ಹುಡುಗ ಕೊಟ್ಟ ಬಣ್ಣದ ಚೀಟಿಯಲ್ಲಿ ಈ ಸಾಲು ಇರಲಿಲ್ಲ. ಬೇರೆ ರಾಜ್ಯದಲ್ಲಿ ಅಚ್ಚಾದ ಚೀಟಿ ಇರಬೇಕು.

ಆರು ಸಾವಿರವೂ ಸಣ್ಣದಲ್ಲ. ಆದರೆ ಬೆಲೆಯ ಅಂತರ? 2022ರ ಸೆಪ್ಟೆಂಬರಿನಲ್ಲಿ ಟಾಟಾದ ಎಲೆಕ್ಟ್ರಿಕ್ ಕಾರು ಟಿಯಾಗೋ ಇವಿ 8.49 ಲಕ್ಷದ ಆರಂಭದ ಬೆಲೆಗೆ ಬಂದಾಗ ಇಂಥ ಗಾಡಿ ನಮ್ಮಂಥವರ ಕೈಗೆಟುಕಿತು ಎನಿಸಿತ್ತು. ಇವಿಗೆ, ಅಂದರೆ ಎಲೆಕ್ಟ್ರಿಕ್ ಗಾಡಿಗೆ, ಜಿಎಸ್‌ಟಿ 2019ರಿಂದ 5 ಪರ್ಸೆಂಟ್, ಸಣ್ಣ ಪೆಟ್ರೋಲ್ ಕಾರಿಗೆ 28. 2025ರ ಸೆಪ್ಟೆಂಬರ್ 22ರಿಂದ ಆ 28 ಇಳಿದು 18 ಆಯಿತು. ಪೆಟ್ರೋಲ್ ಗಾಡಿ ಅಗ್ಗವಾಯಿತು, ಇದು ಇದ್ದಲ್ಲೇ ಉಳಿಯಿತು. ಎರಡರ ನಡುವೆ ಮೂರು ಲಕ್ಷ ಎಂದುಕೊಂಡರೆ, ತಿಂಗಳಿಗೆ ಆರು ಸಾವಿರದಂತೆ ತುಂಬಿಕೊಳ್ಳಲು ನಾಲ್ಕು ವರ್ಷದ ಮೇಲೆ ಎರಡು ತಿಂಗಳು. ತಮ್ಮ ಜಾಣ. ಅವನ ಸಾಲ ಮಂಜೂರಾದದ್ದು 2023ರ ಮಾರ್ಚ್ ಮುಗಿಯುವ ಮುಂಚೆ. ಇವಿ ಸಾಲದ ಬಡ್ಡಿಗೆ 1.5 ಲಕ್ಷದ ತನಕ ಇದ್ದ ಆದಾಯ ತೆರಿಗೆ ರಿಯಾಯಿತಿ ಅವನಿಗೆ ಸಿಕ್ಕಿತು. ಆ ಬಾಗಿಲು ಅವನ ಹಿಂದೆಯೇ ಮುಚ್ಚಿತು.

ಬ್ಯಾಟರಿ ಬಾಡಿಗೆಯ ಯೋಜನೆಯನ್ನೂ ನೋಡಿದೆವು. 2024ರಲ್ಲಿ ಎಂಜಿ ವಿಂಡ್ಸರ್ 9.99 ಲಕ್ಷ, ಬ್ಯಾಟರಿಗೆ ಕಿಲೋಮೀಟರಿಗೆ 3.50 ಎಂದು ಬಂದಿತ್ತು. ಆ ದರಕ್ಕೆ ಕರೆಂಟು ಕೂಡಿಸಿದರೆ ನಾಲ್ಕೂವರೆ. ಪೆಟ್ರೋಲಿನ ಐದೂಮುಕ್ಕಾಲಿಗೆ ಹತ್ತಿರ ಹತ್ತಿರ ಬಂದು ಕೂತಿತು. ಬೇಡ.

ಅಷ್ಟರಲ್ಲಿ ಬಾಗಿಲಲ್ಲಿ ಎಲೆ ಅಡಿಕೆ ಮೆಲ್ಲುತ್ತಿದ್ದ ಅವ್ವ ಕೇಳಿದಳು. "ಈಗ ನಿಂಗ ಸಾಲಿಗಿ ಹೋಗ್ಲಿಕ್ಕ ಎಷ್ಟ್ ಖರ್ಚ್ ಆಗ್ತದ?"

ಏನೂ ಇಲ್ಲ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಬಸ್ಸಿನ ಟಿಕೆಟ್ ಸೊನ್ನೆ. ಕ್ರಾಸಿನಿಂದ ಶಾಲೆಗೆ ಆಟೋದ ಹತ್ತಿಪ್ಪತ್ತು ರೂಪಾಯಿ ಬಿಟ್ಟರೆ ನನ್ನ ಖರ್ಚು ಸೊನ್ನೆ. ಏಳು ಲಕ್ಷ ಸಾಲ ಮಾಡಿದರೆ ಏಳು ವರ್ಷಕ್ಕೆ, 9 ಪರ್ಸೆಂಟ್ ಬಡ್ಡಿಯಲ್ಲಿ, ಕಂತು 11,000 ದಾಟುತ್ತದೆ. ನಾನು ಇಷ್ಟು ಹೊತ್ತು ಉಳಿಸಿದ್ದು ನನ್ನಲ್ಲಿ ಇಲ್ಲದೇ ಇರುವ ಒಂದು ಪೆಟ್ರೋಲ್ ಕಾರಿನ ಖರ್ಚನ್ನು!

ತಮ್ಮ ಸುಮ್ಮನಾದ. ಆಮೇಲೆ ಹೇಳಿದ. "ಬಸ್ಸಿಗಿ ನಿಂದ್ರತೀಯಲ್ಲ, ಆ ತಾಸು ಯಾವ ಕಾಲಂದಾಗ ಬರೀಲಿ?" ಅದೂ ಖರೆ. ಐದೂವರೆಯ ಬಸ್ಸು ಕ್ರಾಸಿನಲ್ಲಿ ನಿಲ್ಲಿಸದೆ ಹೋದ ಸಂಜೆಗಳಿಗೆ ಬಿಲ್ಲಿನ ಬೆನ್ನಿನಲ್ಲಿ ಜಾಗ ಉಳಿದಿರಲಿಲ್ಲ.

ಮೂರನೆಯ ದಿನ: ಕಲಬುರಗಿ – ಜೇವರ್ಗಿ – ಶಹಾಪುರದ ಹತ್ತಿರದ ನಮ್ಮೂರು

ಎಳ್ಳಮವಾಸ್ಯೆ. ಕಟ್ಟಿ ಸಂಗಾವಿಯ ಸೇತುವೆ ಮೇಲೆ ಭೀಮೆ ದಾಟುವಾಗ ಅಕ್ಕತಂಗಿಯರು ಕೈ ಮುಗಿದರು. ಹಾದಿಯುದ್ದಕ್ಕೂ ಟ್ರ್ಯಾಕ್ಟರಿನಲ್ಲಿ, ಬಂಡಿಯಲ್ಲಿ, ಬೈಕಿನಲ್ಲಿ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೊರಟ ಮಂದಿ. ಶಹಾಪುರದ ಗುಡ್ಡದ ಸಾಲಿನಲ್ಲಿ ಮಲಗಿದ ಬುದ್ಧ ಕಾಣಿಸಿದಾಗ ನಿಲ್ಲಿಸಲೇಬೇಕಾಯಿತು. ದೊಡ್ಡವ್ವನಿಗೆ ಹಣೆ, ಮೂಗು, ಗದ್ದ ಒಂದೊಂದಾಗಿ ಬೆರಳು ಮಾಡಿ ತೋರಿಸಬೇಕಿತ್ತು. ಊರು ಮುಟ್ಟಿದಾಗ 50.

ಹೊಲದಲ್ಲಿ ಜೋಳ ಎದೆಯುದ್ದ ನಿಂತಿತ್ತು. ಮಾಮ ಐದು ಕಲ್ಲಿಟ್ಟು ಪೂಜೆ ಮಾಡಿ, ಚರಗ ಚೆಲ್ಲುತ್ತ ಬದುವಿನ ಸುತ್ತ ಹೋದ. ಆಮೇಲೆ ಬನ್ನಿಗಿಡದ ನೆರಳಲ್ಲಿ ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ, ಕಡುಬು, ಅಂಬಲಿ. ಭಜ್ಜಿಯಲ್ಲಿ ಹಸಿ ಕಡಲೆ, ಹಸಿ ತೊಗರಿ, ಸೊಪ್ಪು ಎಲ್ಲ ಸೇರಿ ಒಂದು ಹುಳಿ ರುಚಿ ಬರುತ್ತದಲ್ಲ, ಅದನ್ನು ಪಟ್ಟಣದ ಒಲೆಯ ಮೇಲೆ ನಾನು ಒಮ್ಮೆಯೂ ತಂದಿಲ್ಲ. ದೊಡ್ಡವ್ವ ಎರಡು ಸಲ ಹಾಕಿಸಿಕೊಂಡಳು.

ಊಟದ ಪಂಕ್ತಿಯಲ್ಲಿ ಗಾಡಿಯ ವಿಚಾರಣೆ. ಮಳೆಗಾಲದಲ್ಲಿ ಶಾಕ್ ಹೊಡೆಯುತ್ತದೆಯೇ? ಇಲ್ಲ, ಬ್ಯಾಟರಿ ಪೆಟ್ಟಿಗೆಗೆ ನೀರು ಹೋಗದಂತೆ ಮುಚ್ಚಿರುತ್ತಾರೆ. ಹಳ್ಳ ತುಂಬಿ ಹರಿಯುವಾಗ ಇಳಿಸಬಾರದು, ಅದು ಯಾವ ಗಾಡಿಗೂ ಸರಿ. ಬ್ಯಾಟರಿ ಎಷ್ಟು ವರ್ಷ? ತಮ್ಮನ ಕಾಗದದಲ್ಲಿ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ, ಯಾವುದು ಮೊದಲೋ ಅದು. "ಎಂಟ್ ವರ್ಷ ಆದ ಮ್ಯಾಲ?" ಎಂದ ಮಾಮ. ಎತ್ತು ಕೊಳ್ಳುವಾಗ ಹಲ್ಲು ನೋಡಿದವನು ಕೇಳುವ ಪ್ರಶ್ನೆ ಅದು. ಆಮೇಲಿನದಕ್ಕೆ ಕಾಗದದಲ್ಲಿ ಉತ್ತರವಿಲ್ಲ ಎಂದೆ.

ಸಂಜೆ ಮಾಮನ ಮನೆ. ನಾಳೆ ಯಾದಗಿರಿ ಮೇಲಿಂದ ಕಲಬುರಗಿಗೆ 120 ಕಿಲೋಮೀಟರ್. 50ರಲ್ಲಿ ಆಗುವ ಮಾತಲ್ಲ, ಚಾರ್ಜಿಗೆ ಹಚ್ಚಲೇಬೇಕು. ದಪ್ಪ ಪಿನ್ನಿನ ಸಾಕೆಟ್ ಇದ್ದದ್ದು ಬಚ್ಚಲಲ್ಲಿ, ಗೀಜರಿಗೆಂದು ಹಾಕಿಸಿದ್ದು. ಚಾರ್ಜರ್ ಹಚ್ಚಿದೆ. ಕೆಂಪು ದೀಪ. ತೆಗೆದು ಮತ್ತೆ ಹಚ್ಚಿದೆ. ಕೆಂಪು.

ಮಾಮನ ಮಗ ಸಿದ್ದು ಊರಿನ ಲೈನ್ ಕೆಲಸ, ಪಂಪ್‌ಸೆಟ್ ಕೆಲಸ ಎಲ್ಲ ಮಾಡುವ ಹುಡುಗ. ಟೆಸ್ಟರ್ ಹಿಡಿದು ಬಂದು ನೋಡಿ ನಕ್ಕ. "ಅಕ್ಕಾ, ಅರ್ಥಿಂಗ್ ಇಲ್ಲ. ಗಾಡಿ ಶ್ಯಾಣ್ಯಾ ಅದ, ಹೊಲ್ಲೆ ಅಂತದ." ಅರ್ಥಿಂಗ್ ಇಲ್ಲದ ಸಾಕೆಟ್ಟಿನಲ್ಲಿ ಗೀಜರ್ ಬಾಯಿ ಮುಚ್ಚಿಕೊಂಡು ನಡೆಯುತ್ತದೆ, ಕಾರಿನ ಚಾರ್ಜರ್ ನಡೆಯುವುದಿಲ್ಲ. ಎಲ್ಲಾದರೂ ಸೋರಿಕೆಯಾದರೆ ಕರೆಂಟು ನೆಲಕ್ಕೆ ಇಳಿಯಲು ದಾರಿ ಬೇಕು, ಇಲ್ಲದಿದ್ದರೆ ಮುಟ್ಟಿದವರ ಮೈಯೇ ದಾರಿ. ಇಷ್ಟು ವರ್ಷ ಆ ಗೀಜರಿನ ನೀರಲ್ಲಿ ಮೀಯುತ್ತಿದ್ದವರೆಲ್ಲ ಮುಖ ಮುಖ ನೋಡಿಕೊಂಡರು.

ಅರ್ಥಿಂಗ್ ಗುಂಡಿ ಇತ್ತು. ಮನೆ ಕಟ್ಟಿಸುವಾಗ ಇದ್ದಿಲು, ಉಪ್ಪು ಹಾಕಿ ಪೈಪು ಹುಗಿದದ್ದು ಮಾಮನಿಗೆ ನೆನಪಿತ್ತು. ಎಲ್ಲಿ? ಅಂಗಳ ಪೂರ್ತಿ ಶಹಾಬಾದ್ ಪರಸಿ ಹಾಸಿಬಿಟ್ಟಿದ್ದಾರೆ, ಗುಂಡಿ ಅದರಡಿ. ಹಾಸುಗಲ್ಲು ಬಿದ್ದ ಮೇಲೆ ಹನಿ ನೀರು ಇಳಿದಿಲ್ಲ. ಒಣ ಮಣ್ಣಿನಲ್ಲಿ ಕರೆಂಟು ಹೋಗುವುದಿಲ್ಲ. ಸಿದ್ದು ಹಾರೆ ತಂದು ತುಳಸಿ ಕಟ್ಟೆಯ ಪಕ್ಕದ ಒಂದು ಕಲ್ಲು ಎಬ್ಬಿಸಿದ, ತಪ್ಪು ಕಲ್ಲು. ಎರಡನೆಯದೂ ತಪ್ಪು. ಮಾಮಿ ಬೈಯತೊಡಗಿದಳು. ಮೂರನೆಯದರ ಅಡಿ ಪೈಪಿನ ಬಾಯಿ ಸಿಕ್ಕಿತು. ತುಕ್ಕು ಹಿಡಿದಿದ್ದ ತಂತಿಯನ್ನು ಉಜ್ಜಿ, ಬಿಗಿದು, ಎರಡು ಕೊಡ ನೀರಿಗೆ ಒಂದು ಬೊಗಸೆ ಉಪ್ಪು ಕದಡಿ ಸುರಿದ. ಮಣ್ಣು ಗಟಗಟ ಕುಡಿಯಿತು. ಇನ್ನೆರಡು ಕೊಡ.

ಹಚ್ಚಿದೆ. ಹಸಿರು. ಅಕ್ಕಪಕ್ಕದ ಮಕ್ಕಳು ಚಪ್ಪಾಳೆ ಹೊಡೆದವು.

ಮುಗಿಯಲಿಲ್ಲ. ಮನೆಗೆ ಮಂಜೂರಾದ ಲೋಡ್ ಸಣ್ಣದು. ಗಾಡಿ ನಡೆಯುವಾಗ ಗೀಜರ್, ಗಿರಣಿ ಬಂದ್ ಇಡಬೇಕು ಎಂದು ಸಿದ್ದು ತಾಕೀತು ಮಾಡಿದ. ಊರಲ್ಲೆಲ್ಲ ದೀಪ ಉರಿಯುವ ಹೊತ್ತಿಗೆ ವೋಲ್ಟೇಜ್ ಕುಸಿದು ಚಾರ್ಜು ಎಮ್ಮೆಯ ನಡಿಗೆಗೆ ಇಳಿಯಿತು. ನಡುರಾತ್ರಿ ಒಂದೂವರೆ ತಾಸು ಕರೆಂಟೇ ಇರಲಿಲ್ಲ. ನಾನು ಮೂರು ಸಲ ಎದ್ದು ನೋಡಿದೆ, ಹೆರಿಗೆಯಾದ ಮನೆಯಲ್ಲಿ ಎದ್ದು ನೋಡಿದ ಹಾಗೆ.

ನಾಲ್ಕನೆಯ ದಿನ: ಯಾದಗಿರಿ – ವಾಡಿ – ಶಹಾಬಾದ್ – ಕಲಬುರಗಿ

ಬೆಳಿಗ್ಗೆ 88. ಸಾಕು. ಮಾಮ ಕರೆಂಟಿನ ದುಡ್ಡು ಮುಟ್ಟಲಿಲ್ಲ. "ನಮ್ದೂ ಪುಕಟ್ಟೇ ಅದಲ್ಲ" ಎಂದ. ಒಂದು ರಾತ್ರಿಯ ಹತ್ತು ಯೂನಿಟ್ಟಿಗೆ ಅವನ 200 ದಾಟಲಿಕ್ಕಿಲ್ಲ, ಆದರೂ ನಾನು ಮೀಟರ್ ನೋಡಿಯೇ ಹೊರಟೆ. ದೊಡ್ಡವ್ವ ಸಂಕ್ರಾಂತಿ ತನಕ ತವರಲ್ಲೇ ಇರುತ್ತೇನೆಂದು ಉಳಿದಳು. ಅವಳನ್ನು ವಾಪಸ್ ಬೀದರಿಗೆ ಬಿಡುವ ಹೊಣೆ ಯಾರದು ಎಂದು ಯಾರೂ ಕೇಳಲಿಲ್ಲ, ಎಲ್ಲರೂ ನನ್ನನ್ನು ನೋಡಿದರು.

ಯಾದಗಿರಿಯಲ್ಲಿ ಕೋಟೆಯ ಗುಡ್ಡವನ್ನು ಕೆಳಗಿನಿಂದಲೇ ನೋಡಿ, ಚಾ ಕುಡಿದು ಮುಂದೆ ಹೋದೆವು. ವಾಡಿಯಿಂದ ಶಹಾಬಾದಿನ ತನಕ ಸಿಮೆಂಟಿನ ಲಾರಿ, ಪರಸಿ ಹೇರಿದ ಲಾರಿ, ಬಿಳಿ ಧೂಳು. ಒಂದು ಕಡೆ ಲಾರಿಯಿಂದ ಬಿದ್ದ ಕಲ್ಲಿನ ತುಂಡು ತಪ್ಪಿಸಲು ಹೋಗಿ ಗುಂಡಿಗೆ ಇಳಿಸಿದೆ. ಅಡಿಯಲ್ಲಿ ಏನೋ ಕರಕರ ಉಜ್ಜಿತು. ಬ್ಯಾಟರಿ ಇರುವುದು ಅಲ್ಲೇ, ಸೀಟಿನ ಕೆಳಗೆ. ಎದೆ ಧಸಕ್ಕೆಂದಿತು. ಬದಿಗೆ ನಿಲ್ಲಿಸಿ, ಸೆರಗು ಕಟ್ಟಿ, ನೆಲಕ್ಕೆ ಮಲಗಿ ನೋಡಿದೆ. ಅಡಿಯ ತಗಡಿನ ಮೇಲೆ ಗೀರು ಅಷ್ಟೆ. ಲಾರಿಯ ಕ್ಲೀನರ್ ಹುಡುಗ ಬಗ್ಗಿ ನೋಡಿ, "ಏನೂ ಆಗಿಲ್ರಿ ಅಕ್ಕೋರೆ" ಎಂದು ಧೈರ್ಯ ಹೇಳಿದವನು, ಏಳುತ್ತಲೇ ಕೇಳಿದ. "ಎಷ್ಟ್ ಓಡ್ತದ್ರೀ ಇದು?"

ಕಲಬುರಗಿ ಮುಟ್ಟಿದಾಗ 24. ನಾಲ್ಕು ದಿನಕ್ಕೆ 440 ಕಿಲೋಮೀಟರ್. ಕೈಯಿಂದ ಹೋದದ್ದು ಬೀದರಿನ 260, ತಮ್ಮನ ಮನೆಯ ಮೀಟರಿನಲ್ಲಿ ಇನ್ನೂ ಮುನ್ನೂರರ ಒಳಗೆ. ಪೆಟ್ರೋಲ್ ಆಗಿದ್ದರೆ ಎರಡೂವರೆ ಸಾವಿರ.

ಗಾಡಿ ಒಪ್ಪಿಸಿದೆ. ಗೀರಿನ ವಿಷಯವನ್ನೂ ಹೇಳಿದೆ. ತಮ್ಮ ಬಗ್ಗಿ ನೋಡಿ ಎದ್ದ. "ಏನ್ ಮಾಡ್ತಿ ಅಕ್ಕಾ? ಬುಕ್ ಮಾಡ್ಲೇನು?"

"ಸಿದ್ದುಗ ಫೋನ್ ಹಚ್ಚು," ಎಂದೆ. "ಬರೋ ಆಯ್ತಾರ ಬಂದು ನಮ್ಮ ಅಂಗಳದಾಗ ಅರ್ಥಿಂಗ್ ಗುಂಡಿ ಎಲ್ಲಿ ಅದ ನೋಡ್ಲಿ. ನಾವೂ ಪರಸಿ ಹಾಸೀವಿ."

ಮರುದಿನ ಎಂಟು ಗಂಟೆಗೆ ಸ್ಟ್ಯಾಂಡಿನಲ್ಲಿದ್ದೆ. ಬಸ್ಸು ಹದಿನೈದು ನಿಮಿಷ ತಡ. ಕಂಡಕ್ಟರ್ ಸೊನ್ನೆ ಟಿಕೆಟ್ ಹರಿದು ಕೊಟ್ಟ; ಅದರ ಬೆನ್ನು ಖಾಲಿ ಇತ್ತು. ಪರ್ಸಿನಿಂದ ಪೆನ್ನು ತೆಗೆದೆ.